ದಪ್ಪ ದನಿಯ ಹುಡುಗಿ, ಹಗುರ ಪಾಠ

(ನಮ್ಮ ಸಂಗೀತ ತರಗತಿಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಇಲ್ಲಿ ಬರೆದಿದ್ದೇನೆ. ಅಂದು ಕೊನೆಗೆ ರೆಕಾರ್ಡು ಕೇಳಿಸಿದಾಗ ಏನಾಯಿತು ಅನ್ನೋದನ್ನು ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳೆಲ್ಲ ಮುಂದೆ ಬಂದು ಕೂತಿದ್ದೀರಿ, ಖುಷಿಯಾಯಿತು.

ಎರಡು ತಿಂಗಳ ಹಿಂದೆ ಒಬ್ಬರು ತಾಯಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ 12 ವರ್ಷ. “ಮೇಡಂ, ಇವಳದು ದಪ್ಪ ದನಿ. ಹಿಂದೆ ಪಾಠಕ್ಕೆ ಹೋಗ್ತಿದ್ದ ಕಡೆ, ಇವಳಿಗೆ ಹಾಡುಗಾರಿಕೆ ಆಗಿಬರಲ್ಲ, ವೀಣೆಗೆ ಹಾಕಿ ಅಂದ್ರು. ನೀವೊಂದ್ಸಲ ಕೇಳಿ ಹೇಳಿ” ಅಂದರು. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಶ್ರುತಿ ಹಾಕಿದೆ. ಷಡ್ಜ ಹಿಡಿದಳು. ದನಿ ದಪ್ಪ, ನಿಜ. ಆದರೆ ಶ್ರುತಿ ಮೇಲೆ ಕಂಬ ನೆಟ್ಟ ಹಾಗೆ ನಿಂತಿತು. ನಾಳೆಯಿಂದಲೇ ಕಳಿಸಿ ಅಂದೆ.

ಅವರು ಹೋದ ಮೇಲೆ ನನಗೆ ಆಪೆರಾ ಗಾಯಕಿ ಮರಿಯಾ ಕ್ಯಾಲಸ್ ನೆನಪಾದಳು. ಅವಳಿಗೂ ಚಿಕ್ಕವಳಿದ್ದಾಗ ಇಂಥದ್ದೇ ಮಾತು ಹೇಳಿದ್ದರು. ನಾನು ಕರ್ನಾಟಕ ಸಂಗೀತ ಕಲಿಸುವವಳು. ಆಪೆರಾ ನನ್ನ ವಿದ್ಯೆ ಅಲ್ಲ. ಆದರೂ 25 ವರ್ಷದಿಂದ ಈಕೆಯ ಹಾಡು ಕೇಳುತ್ತಿದ್ದೇನೆ, ಈಕೆಯ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಇವತ್ತು ಅವಳ ಕಲಿಕೆಯ ಮೊದಲ ಹತ್ತು ಹನ್ನೆರಡು ವರ್ಷದ ಕಥೆ ಮಾತ್ರ ಹೇಳುತ್ತೇನೆ. ಆಮೇಲೆ ಬಂದ ಹೆಸರು, ಹಣ, ಹಡಗುಗಳ ಒಡೆಯ ಒನಾಸಿಸ್ ಜೊತೆಗಿನ ಪ್ರೀತಿ, ಜಗಳ, ಇದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾದದ್ದು ಒಂದೇ. ಈ ಹುಡುಗಿ ಕಲಿತದ್ದು ಹೇಗೆ?

ಆಪೆರಾ ಅಂದರೆ ಏನು ಅಂತ ಮಕ್ಕಳಿಗೆ ಎರಡು ಮಾತು. ಅದು ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಕಂಪನಿ ನಾಟಕದಲ್ಲಿ ಮೈಕ್ ಬರುವ ಮೊದಲು ನಟರು ಕಟ್ಟಕಡೆಯ ಸಾಲಿನ ತನಕ ಕೇಳುವ ಹಾಗೆ ಹಾಡುತ್ತಿದ್ದರಲ್ಲ, ಹಾಗೆ ಅಲ್ಲೂ ಮೈಕ್ ಇಲ್ಲ. ಇವತ್ತಿಗೂ ದೊಡ್ಡ ಆಪೆರಾ ಮನೆಗಳಲ್ಲಿ ಮೈಕ್ ಇಲ್ಲದೆಯೇ ಹಾಡುತ್ತಾರೆ. ವೇದಿಕೆಯ ಮುಂದಿನ ತಗ್ಗಿನಲ್ಲಿ ಹತ್ತಾರು ಪಿಟೀಲು, ಕಹಳೆ, ನಗಾರಿ ಮೊಳಗುತ್ತಿರುತ್ತವೆ. ಅದನ್ನು ದಾಟಿ ದನಿ ಹೋಗಬೇಕು.

ಹೆಂಗಸರ ದನಿಯಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾಯಿಯದು ಸೊಪ್ರಾನೊ. ಕೆಳಗಿನದು ಕಾಂಟ್ರಾಲ್ಟೊ. ಸೊಪ್ರಾನೊದಲ್ಲೂ ಜಾತಿಗಳಿವೆ. ಕೆಲವರದು ಹಗುರ ದನಿ. ನಾವು ಬಿರ್ಕಾ ಶಾರೀರ ಅಂತೀವಲ್ಲ, ಹಾಗೆ ಸರಸರ ಓಡುತ್ತದೆ, ಮೇಲೆ ಹೋಗಿ ಕುಣಿಯುತ್ತದೆ. ಇನ್ನು ಕೆಲವರದು ಭಾರದ ದನಿ. ಓಡುವುದಿಲ್ಲ, ಆದರೆ ಇಡೀ ಆರ್ಕೆಸ್ಟ್ರಾ ಎದುರು ಗೋಡೆಯ ಹಾಗೆ ನಿಲ್ಲುತ್ತದೆ. ಒಬ್ಬರು ಇದು, ಇನ್ನೊಬ್ಬರು ಅದು. ಕ್ಯಾಲಸ್ ಬೆಳೆಯುವ ಹೊತ್ತಿಗೆ ಇವೆರಡರ ನಡುವೆ ಬೇಲಿಯೇ ಬಿದ್ದಿತ್ತು. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮರಿಯಾ ಹುಟ್ಟಿದ್ದು 1923ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಅದೇ ವರ್ಷ ಗ್ರೀಸ್‌ನಿಂದ ಅಮೆರಿಕಕ್ಕೆ ಬಂದಿದ್ದರು. ಮನೆಹೆಸರು ಕಲೊಗೆರೊಪೂಲೋಸ್. ಅಲ್ಲಿನವರ ಬಾಯಿಗೆ ಸುಲಭವಾಗಲಿ ಅಂತ ಅದು ಕ್ಯಾಲಸ್ ಆಯಿತು. ಅಪ್ಪ ಔಷಧಿ ಅಂಗಡಿ ಇಟ್ಟಿದ್ದ. ಅಮೆರಿಕದಲ್ಲಿ ಆರ್ಥಿಕ ಕುಸಿತ ಬಂದಾಗ ಅದೂ ಹೋಯಿತು. ಗಂಡ ಹೆಂಡತಿಗೆ ಸರಿಬರಲಿಲ್ಲ. 1937ರಲ್ಲಿ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅಥೆನ್ಸ್‌ಗೆ ವಾಪಸ್ ಹೊರಟಳು. ಮರಿಯಾಗೆ ಆಗ 13. ದಪ್ಪ ಮೈ, ದಪ್ಪ ಗಾಜಿನ ಕನ್ನಡಕ. ಅಕ್ಕ ಚೆಲುವೆ. ಇವಳಿಗೆ ದನಿ ಇದೆ ಅಂತ ಗೊತ್ತಾದ ಮೇಲೆ ತಾಯಿ ಹಾಡು, ಹಾಡು ಅಂತ ಹಿಂದೆ ಬಿದ್ದಳು. ಆ ಒತ್ತಾಯವನ್ನು ಮರಿಯಾ ಕೊನೆಯ ತನಕ ಕ್ಷಮಿಸಲಿಲ್ಲ. ಮಕ್ಕಳ ಬಾಲ್ಯ ಹೀಗೆ ಕಿತ್ತುಕೊಳ್ಳಬಾರದು ಅಂತ ದೊಡ್ಡವಳಾದ ಮೇಲೆ ಖಾರವಾಗಿಯೇ ಹೇಳಿದ್ದಾಳೆ. ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನೂ ಕೇಳಿಸಿಕೊಳ್ಳಿ.

ಅಥೆನ್ಸ್‌ನ ದೊಡ್ಡ ಸಂಗೀತ ಶಾಲೆಯಲ್ಲಿ ಮೊದಲ ಸಲ ಸೀಟು ಸಿಗಲಿಲ್ಲ. ದನಿ ಪಳಗಿಲ್ಲ, ಸ್ವರ ನೋಡಿ ಹಾಡುವ ಪಾಠ ಆಗಿಲ್ಲ ಅಂದರು. ಇನ್ನೊಂದು ಶಾಲೆಯಲ್ಲಿ ಮರಿಯಾ ತ್ರಿವೆಲ್ಲಾ ಅನ್ನುವ ಟೀಚರ್ ಫೀಸ್ ಇಲ್ಲದೆ ಸೇರಿಸಿಕೊಂಡರು. ಅಲ್ಲಿಯವರೆಗೆ ಈ ಹುಡುಗಿಗೆ ಎಲ್ಲರೂ ಹೇಳಿದ್ದು, ನಿನ್ನದು ಕಾಂಟ್ರಾಲ್ಟೊ, ಕೆಳಸ್ಥಾಯಿಯ ದನಿ ಅಂತ. ತ್ರಿವೆಲ್ಲಾ ಕೇಳಿ ನೋಡಿದರು. ಅಲ್ಲ, ಇದು ಸೊಪ್ರಾನೊ, ಆದರೆ ಭಾರದ್ದು ಅಂದರು. ಅಂದು ಸುಮ್ಮನಾಗಲಿಲ್ಲ. ಸ್ವಲ್ಪ ಸ್ವಲ್ಪವೇ ದನಿಯನ್ನು ಮೇಲೆ ತಂದರು. ಅದರ ಭಾರ ಇಳಿಸುವ ಪಾಠ ಶುರುಮಾಡಿದರು. ಹುಡುಗಿ ದಿನಕ್ಕೆ ಐದಾರು ಗಂಟೆ ಕೂರುತ್ತಿದ್ದಳು ಅಂತ ಆ ಟೀಚರ್ ನೆನಪಿಸಿಕೊಂಡಿದ್ದಾರೆ. 1939ರ ಏಪ್ರಿಲ್‌ನಲ್ಲಿ ಶಾಲೆಯ ಮಕ್ಕಳು ಆಡಿದ ‘ಕವಲ್ಲೆರಿಯಾ ರುಸ್ತಿಕಾನಾ’ ಆಪೆರಾದಲ್ಲಿ ಇವಳಿಗೆ ಮುಖ್ಯ ಪಾತ್ರ. ವಯಸ್ಸು 15.

ಅದೇ ವರ್ಷ ಮೊದಲು ಸೀಟು ಕೊಡದ ದೊಡ್ಡ ಶಾಲೆಗೆ ಮತ್ತೆ ಹೋದಳು. ಈ ಸಲ ಪರೀಕ್ಷೆಗೆ ಕೂತವರಲ್ಲಿ ಎಲ್ವಿರಾ ದೆ ಹಿದಾಲ್ಗೊ ಇದ್ದರು. ಸ್ಪೇನ್ ದೇಶದವರು. ಇಟಲಿಯ ಲಾ ಸ್ಕಾಲಾ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಂಥ ದೊಡ್ಡ ಆಪೆರಾ ಮನೆಗಳಲ್ಲಿ ಹಾಡಿ ಬಂದವರು. ಅವರದು ಏನು ದನಿ ಗೊತ್ತಾ? ಹಗುರ ದನಿ. ಹಕ್ಕಿ ಹಾಗೆ ಹಾಡುವವರು. ಎದುರಿಗೆ ಬಂದು ನಿಂತ ಹುಡುಗಿಯನ್ನು ನೋಡಿ, ಇವಳು ಗಾಯಕಿ ಆಗುತ್ತಾಳಾ ಅಂತ ಅವರಿಗೆ ನಗು ಬಂದಿತ್ತಂತೆ. ಹಾಡು ಶುರುವಾಯಿತು. ಕಣ್ಣು ಮುಚ್ಚಿ ಕೇಳಿದರು. ಹಿಡಿತ ಇಲ್ಲದ, ಆದರೆ ಭಾವ ಉಕ್ಕುವ ದನಿ, ಜಲಪಾತದ ಹಾಗೆ ಬಿತ್ತು ಅಂತ ಆಮೇಲೆ ಹೇಳಿದ್ದಾರೆ. ಇವಳಿಗೆ ನಾನೇ ಕಲಿಸುತ್ತೇನೆ ಅಂದರು.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಆ ಕ್ಲಾಸಿನ ಬಗ್ಗೆ.

ಪಾಠ ಬೆಳಿಗ್ಗೆ ಹತ್ತಕ್ಕೆ ಶುರು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ತಮ್ಮ ಪಾಠ ಮುಗಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ನಮ್ಮಲ್ಲೂ ಅಷ್ಟೇ, ಅಲ್ವಾ? ಹೊರಗೆ ಸ್ಕೂಟರ್ ಹಾರ್ನ್ ಆದರೆ ಸಾಕು, ಚಾಪೆ ಸುತ್ತಿಟ್ಟು ಓಟ. ಮರಿಯಾ ಹೋಗುತ್ತಿರಲಿಲ್ಲ. ಹತ್ತಕ್ಕೆ ಮೊದಲನೆಯವಳಾಗಿ ಬಂದು, ಸಂಜೆ ಕೊನೆಯ ವಿದ್ಯಾರ್ಥಿಯ ಜೊತೆ ಎದ್ದು ಹೋಗುತ್ತಿದ್ದಳು. ಗೋಡೆ ಪಕ್ಕ ಕೂತು ಎಲ್ಲರ ಪಾಠ ಕೇಳುತ್ತಿದ್ದಳು. ಹಗುರ ದನಿಯವರ ಹಾಡು, ತನಗೆ ಎಂದೂ ಬರಲಾರದು ಅಂತ ಬೇರೆಯವರು ಅಂದುಕೊಂಡ ಹಾಡು, ಗಂಡಸರ ಹಾಡು, ತಪ್ಪು ಹಾಡುವವರ ಹಾಡು, ಎಲ್ಲ. ಯಾಕೆ ಅಂತ ಎಷ್ಟೋ ವರ್ಷದ ಮೇಲೆ ಕೇಳಿದಾಗ ಅವಳು ಹೇಳಿದ್ದರ ಸಾರ ಇಷ್ಟು: ಏನೂ ಬಾರದ ಹುಡುಗನೂ, ಚೆನ್ನಾಗಿ ಬರುವ ನನಗೆ ಗೊತ್ತಿಲ್ಲದ ಒಂದು ವಿಷಯ ಕಲಿಸಿಬಿಡುತ್ತಾನೆ.

ಇನ್ನು ಅವಳದೇ ಪಾಠ. ಹಿದಾಲ್ಗೊ ಈ ಭಾರದ ದನಿಗೆ ಭಾರದ ಹಾಡು ಕೊಟ್ಟು ಬಿಡಲಿಲ್ಲ. ತಾವು ಹಗುರ ದನಿಗೆ ಮಾಡಿದ್ದ ಸಾಧನೆಯನ್ನೆಲ್ಲ ಇವಳಿಂದ ಮಾಡಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರಳೆ, ಜಂಟಿ ವರಸೆ, ಅಲಂಕಾರ, ಅದೂ ಅಕಾರದಲ್ಲಿ, ಅದೂ ಮೂರು ಕಾಲದಲ್ಲಿ. ಸ್ವರಗಳ ಏಣಿ ಹತ್ತುವುದು, ಇಳಿಯುವುದು. ಎರಡು ಸ್ವರಗಳ ನಡುವೆ ಚಿಟ್ಟೆ ರೆಕ್ಕೆ ಬಡಿದ ಹಾಗೆ ದನಿ ಆಡಿಸುವುದು, ಅದಕ್ಕೆ ಅವರು ಟ್ರಿಲ್ ಅಂತಾರೆ. ಒಂದು ಸ್ವರವನ್ನು ಪಿಸುಮಾತಿನಷ್ಟು ಮೆಲ್ಲಗೆ ಹಿಡಿದು, ತುಂಬ ಬೆಳೆಸಿ, ಮತ್ತೆ ಮೆಲ್ಲಗೆ ತರುವುದು. ಈ ಪದ್ಧತಿಗೆ ಬೆಲ್ ಕಾಂತೊ ಅಂತ ಹೆಸರು. ಸುಂದರ ಗಾಯನ ಅಂತ ಅರ್ಥ. ಹೆಸರು ಸುಂದರ, ಕೆಲಸ ಕಠಿಣ. ಅದು ಕೈ ಕಾಲು ಕಟ್ಟಿ ಹಾಕುವ ಅಂಗಿ ತೊಟ್ಟ ಹಾಗೆ, ಇಷ್ಟವಿರಲಿ ಬಿಡಲಿ ತೊಡಲೇಬೇಕು ಅನ್ನುವ ಅರ್ಥದ ಮಾತು ಕ್ಯಾಲಸ್ ಆಡಿದ್ದಾಳೆ.

ನನ್ನ ಗುರುಗಳು ಎರಡು ವರ್ಷ ನನಗೆ ಗೀತೆಯನ್ನೇ ಹೇಳಿಕೊಡಲಿಲ್ಲ. ಬರೀ ವರಸೆ. ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು ಅಂತ ನನಗೇ ಗೊತ್ತು. ಅದಕ್ಕೇ ಆ ಕ್ಲಾಸ್ ರೂಮು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಯುದ್ಧ ಬಂತು. 1941ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಅಥೆನ್ಸ್ ಹಿಡಿಯಿತು. ಆ ವರ್ಷದ ಚಳಿಗಾಲದಲ್ಲಿ ಊಟವಿಲ್ಲದೆ ಆ ಊರಿನ ಬೀದಿಗಳಲ್ಲಿ ಜನ ಸತ್ತು ಬಿದ್ದರು. ಸಾವಿರಗಟ್ಟಲೆ ಜನ. ಆ ನಡುವೆಯೂ ಅಲ್ಲಿನ ಆಪೆರಾ ಕಂಪನಿ ನಡೆಯುತ್ತಿತ್ತು. ಮರಿಯಾ ಆ ಹೊತ್ತಿಗೆ ಒಂದು ಸಣ್ಣ ಪಾತ್ರದಲ್ಲಿ ಸಂಬಳಕ್ಕೆ ಹಾಡಲು ಸೇರಿದ್ದಳು. ಆ ಸಂಬಳದಿಂದ ಮನೆಯಲ್ಲಿ ಒಂದಿಷ್ಟು ಒಲೆ ಉರಿಯಿತು. 1942ರ ಆಗಸ್ಟ್‌ನಲ್ಲಿ ಅಥೆನ್ಸ್‌ನ ಒಂದು ಬಯಲು ರಂಗಮಂದಿರದಲ್ಲಿ ‘ತೋಸ್ಕಾ’ ಆಪೆರಾದ ನಾಯಕಿ. ವಯಸ್ಸು ಇನ್ನೂ 18. ಎರಡು ವರ್ಷದ ಮೇಲೆ, 1944ರ ಆಗಸ್ಟ್‌ನಲ್ಲಿ, ಬೆಟ್ಟದ ತಪ್ಪಲಿನ ಹಳೆಯ ಕಲ್ಲಿನ ರಂಗಮಂದಿರದಲ್ಲಿ ಬೀಥೋವನ್ನನ ‘ಫಿದೇಲಿಯೊ’. ಸೆರೆಯಲ್ಲಿರುವ ಗಂಡನನ್ನು ಬಿಡಿಸಲು ಗಂಡುವೇಷ ಹಾಕಿ ಬರುವ ಹೆಂಡತಿಯ ಪಾತ್ರ. ಊರಿಗೆ ಊರೇ ಸೆರೆಯಲ್ಲಿದ್ದಾಗ ಆ ಹಾಡು ಕೇಳಿದವರಿಗೆ ಹೇಗಿದ್ದಿರಬೇಕು? ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಯುದ್ಧ ಮುಗಿದ ಮೇಲೆ ಅಲ್ಲಿ ಅವಳಿಗೆ ನೆಲೆ ಉಳಿಯಲಿಲ್ಲ. ಇಟಲಿಗೆ ಹೋಗು ಅಂತ ಹಿದಾಲ್ಗೊ ಹೇಳಿದರು. ಅವಳು 1945ರಲ್ಲಿ ಅಪ್ಪನನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಹೋದಳು. ಆ ಹೊತ್ತಿಗೆ 7 ಆಪೆರಾಗಳಲ್ಲಿ 56 ಪ್ರದರ್ಶನ ಕೊಟ್ಟಿದ್ದ ಅನುಭವಸ್ಥೆ. ಆದರೆ ನ್ಯೂಯಾರ್ಕಿಗೆ ಅದು ಯಾವ ಲೆಕ್ಕ? ಮೆಟ್ರೊಪಾಲಿಟನ್‌ನಲ್ಲಿ ಹಾಡಿ ತೋರಿಸಿದಳು, ಕೆಲಸ ಕೂಡಿಬರಲಿಲ್ಲ. ಅವರು ಕೊಡಲು ಬಂದದ್ದು ಹೊಸಬರಿಗೆ ಕೊಡುವ ಕರಾರು, ಅವಳು ಬೇಡ ಎಂದದ್ದೇ ಸರಿ ಅಂತ ಅಲ್ಲಿನ ಮುಖ್ಯಸ್ಥರಾಗಿದ್ದವರೇ ಎಷ್ಟೋ ವರ್ಷ ಆದ ಮೇಲೆ ಹೇಳಿದರು. ಶಿಕಾಗೋದಲ್ಲಿ ಹೊಸ ಕಂಪನಿಯೊಂದು ಇವಳನ್ನು ನಾಯಕಿ ಮಾಡಿಕೊಂಡು ರಿಹರ್ಸಲ್ ನಡೆಸಿತು. ಪರದೆ ಏಳುವ ಮೊದಲೇ ದಿವಾಳಿಯಾಯಿತು. ಹೀಗೆ ಹತ್ತಿರ ಹತ್ತಿರ ಎರಡು ವರ್ಷ ವೇದಿಕೆ ಇಲ್ಲ. 22, 23ರ ವಯಸ್ಸು. ಹಾಡುವವರಿಗೆ ಈ ಖಾಲಿ ದಿನಗಳು ಹೇಗಿರುತ್ತವೆ ಅಂತ ಹಾಡುವವರಿಗೇ ಗೊತ್ತು.

ಆಗ ಸಿಕ್ಕವರು ಜೊವಾನ್ನಿ ಜೆನಾತೆಲ್ಲೊ. ಹಳೆಯ ಗಾಯಕರು. ಇಟಲಿಯ ವೆರೋನಾದಲ್ಲಿ ರೋಮನ್ನರ ಕಾಲದ ದೊಡ್ಡ ಬಯಲು ರಂಗ ಇದೆ, ಅರೇನಾ ಅಂತ. ಅಲ್ಲಿ 1913ರಲ್ಲಿ ಆಪೆರಾ ಹಬ್ಬ ಶುರುಮಾಡಿದವರಲ್ಲಿ ಇವರೂ ಒಬ್ಬರು. ಮರಿಯಾ ಹಾಡಿದ್ದನ್ನು ಕೇಳಿ ಅರೇನಾಗೆ ಗೊತ್ತುಮಾಡಿದರು. 1947ರ ಆಗಸ್ಟ್ 2ರಂದು ಅಲ್ಲಿ ‘ಲಾ ಜೊಕೊಂಡಾ’. ಆರ್ಕೆಸ್ಟ್ರಾ ನಡೆಸಿದವರು ತುಲ್ಲಿಯೊ ಸೆರಫಿನ್. ಆಗಲೇ ಸುಮಾರು 70ರ ಹಿರಿಯರು. ಮುಂದಿನ ಕಥೆಯಲ್ಲಿ ಇವರೇ ಮುಖ್ಯ. ಅದೇ ಊರಲ್ಲಿ ಇಟ್ಟಿಗೆ ಕಾರ್ಖಾನೆಯ ಮಾಲೀಕ ಮೆನೆಗಿನಿ ಪರಿಚಯವಾದರು. ಮುಂದೆ 1949ರಲ್ಲಿ ಅವರನ್ನೇ ಮದುವೆಯಾದಳು.

ಇಲ್ಲೊಂದು ವಿಷಯ ಹೇಳಲೇಬೇಕು. ಮರಿಯಾಗೆ ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕ ತೆಗೆದರೆ ಎಲ್ಲ ಮಬ್ಬು. ವೇದಿಕೆ ಮೇಲೆ ಕನ್ನಡಕ ಹಾಕುವ ಹಾಗಿಲ್ಲ. ಉಳಿದ ಗಾಯಕರು ಆರ್ಕೆಸ್ಟ್ರಾ ನಡೆಸುವವರ ಕೈಕೋಲು ನೋಡಿ ತಾಳ ಹಿಡಿಯುತ್ತಾರೆ. ಇವಳಿಗೆ ಆ ಕೋಲೇ ಕಾಣದು. ಅದಕ್ಕೆ ಇವಳು ಮಾಡಿದ್ದು ಏನು? ಇಡೀ ಆಪೆರಾವನ್ನು, ತನ್ನ ಪಾತ್ರ ಮಾತ್ರ ಅಲ್ಲ, ವಾದ್ಯಗಳು ನುಡಿಸುವುದನ್ನೂ ಸೇರಿಸಿ ಬಾಯಿಪಾಠ ಮಾಡಿದಳು. ಕೊಳಲು ಎಲ್ಲಿ ಬರುತ್ತದೆ, ಪಿಟೀಲು ಎಲ್ಲಿ ನಿಲ್ಲುತ್ತದೆ, ಎಲ್ಲ ಕಿವಿಯಲ್ಲೇ. ಅಥೆನ್ಸ್‌ನ ಆ ಗೋಡೆ ಪಕ್ಕ ಕೂತು ಬೆಳೆಸಿಕೊಂಡ ಕಿವಿ ಅದು. ಇದನ್ನು ನಾನು ಹೇಳುತ್ತಿರುವುದು, ಎಲ್ಲೂ ಓದಿದ್ದಲ್ಲ. ಆದರೆ ನನಗೆ ಇದರಲ್ಲಿ ಅನುಮಾನ ಇಲ್ಲ.

ವೆರೋನಾದಲ್ಲಿ ಹಾಡಿದ ಕೂಡಲೇ ಬಾಗಿಲು ತೆರೆಯಲಿಲ್ಲ. ಮಿಲಾನಿನ ಲಾ ಸ್ಕಾಲಾದಲ್ಲಿ ಹಾಡಿ ತೋರಿಸಿದಳು, ಪಾತ್ರ ಸಿಗಲಿಲ್ಲ. ಆಗ ಸೆರಫಿನ್ ವೆನಿಸ್‌ನಲ್ಲಿ ಜರ್ಮನ್ ಸಂಗೀತಗಾರ ವಾಗ್ನರನ ‘ತ್ರಿಸ್ತಾನ್ ಮತ್ತು ಇಸೋಲ್ಡೆ’ ಆಪೆರಾ ಮಾಡಿಸಲು ಇಸೋಲ್ಡೆಯನ್ನು ಹುಡುಕುತ್ತಿದ್ದರು. ಈ ಪಾತ್ರ ಬರುತ್ತಾ ಅಂತ ಕೇಳಿದರು. ಬರುತ್ತೆ ಅಂದಳು. ನಿಜ ಏನೆಂದರೆ, ಕಲಿಯುವಾಗ ಕುತೂಹಲಕ್ಕೆ ಮೊದಲ ಅಂಕದ ಮೇಲೆ ಕಣ್ಣಾಡಿಸಿದ್ದಳು, ಅಷ್ಟೇ. ಸರಿ, ಎರಡನೇ ಅಂಕ ಹಾಡು ಅಂದರು. ಪುಸ್ತಕ ನೋಡಿಕೊಂಡೇ ಹಾಡಿದಳು, ಮೊದಲ ಸಲ. ಸೆರಫಿನ್, ಪಾತ್ರ ಎಷ್ಟು ಚೆನ್ನಾಗಿ ಗೊತ್ತಿದೆ ನಿನಗೆ ಅಂತ ಹೊಗಳಿದರು. ಆಗ ಇವಳಿಗೆ ತಡೆಯಲಾಗಲಿಲ್ಲ. ಸುಳ್ಳು ಹೇಳಿದೆ, ಈಗ ನೋಡಿಕೊಂಡು ಹಾಡಿದ್ದು ಅಂತ ಒಪ್ಪಿಕೊಂಡಳು. ಅವರಿಗೆ ಇನ್ನೂ ಇಷ್ಟವಾದಳು. 1947ರ ಡಿಸೆಂಬರ್ 30ರಂದು ವೆನಿಸ್‌ನ ಲಾ ಫೆನಿಚೆ ಆಪೆರಾ ಮನೆಯಲ್ಲಿ ಆಕೆ ಇಸೋಲ್ಡೆ.

ಅದಾದ ಮೇಲೆ ಒಂದು ವರ್ಷ ಎಲ್ಲ ಕಡೆಯಿಂದಲೂ ಕರೆ. ಆದರೆ ಎಂಥ ಪಾತ್ರ? ಎಲ್ಲ ಭಾರದ್ದೇ. ಇಸೋಲ್ಡೆ, ಐದಾ, ಎಲ್ಲಕ್ಕಿಂತ ಜಾಸ್ತಿ ತುರಾಂದೊತ್. ಪುಚ್ಚಿನಿಯ ಈ ಪಾತ್ರ ದನಿಯನ್ನು ಹಿಂಡಿಬಿಡುತ್ತದೆ. ದೊಡ್ಡ ದನಿಯ ಹೊಸ ಹುಡುಗಿ ಸಿಕ್ಕಿದ್ದಾಳೆ, ಹಾಡಿಸಿ. ದನಿ ಕೆಟ್ಟುಹೋಗದಿರಲಿ ದೇವರೇ ಅಂತ ಬೇಡಿಕೊಳ್ಳುತ್ತಲೇ ಊರೂರಲ್ಲಿ ತುರಾಂದೊತ್ ಹಾಡಿದೆ ಅಂತ ಅವಳೇ ನೆನಪಿಸಿಕೊಂಡಿದ್ದಾಳೆ. ಹಿದಾಲ್ಗೊ ಕಲಿಸಿದ ಆ ಹಗುರ ಪಾಠ? ಅದನ್ನು ಕೇಳುವವರು ಹೆಚ್ಚು ಇರಲಿಲ್ಲ. 1948ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ‘ನೋರ್ಮಾ’ ಸಿಕ್ಕಿದಾಗ ಅದರ ಒಂದು ತುಣುಕು ಹೊರಗೆ ಬಂತು. ನೋರ್ಮಾಗೆ ಭಾರವೂ ಬೇಕು, ಓಟವೂ ಬೇಕು. ಉಳಿದದ್ದನ್ನು ಮರಿಯಾ ಏನು ಮಾಡುತ್ತಿದ್ದಳು ಗೊತ್ತಾ? ಯಾರೂ ಕೇಳದಿದ್ದರೂ ಕೋಣೆಯಲ್ಲಿ ಒಬ್ಬಳೇ ಸಾಧನೆ ಮಾಡುತ್ತಿದ್ದಳು.

1949ರ ಜನವರಿ. ಮತ್ತೆ ವೆನಿಸ್. ಲಾ ಫೆನಿಚೆಯಲ್ಲಿ ಒಂದರ ಹಿಂದೆ ಒಂದು ಎರಡು ಆಪೆರಾ, ಎರಡನ್ನೂ ನಡೆಸುವವರು ಸೆರಫಿನ್. ಮೊದಲನೆಯದು ವಾಗ್ನರನ ‘ವಾಲ್ಕ್ಯೂರೆ’. ಅದರಲ್ಲಿ ಮರಿಯಾಗೆ ಬ್ರುನ್‌ಹಿಲ್ಡೆ. ದೇವರಾಜನ ಮಗಳು, ಈಟಿ ಹಿಡಿದ ಯುದ್ಧಕನ್ಯೆ. ರಂಗಕ್ಕೆ ಬರುವಾಗಲೇ ರಣಕೇಕೆ ಹಾಕುತ್ತಾ ಬರುತ್ತಾಳೆ. ಎರಡನೆಯದು ಬೆಲ್ಲಿನಿಯ ‘ಇ ಪುರಿತಾನಿ’. ಅದರ ನಾಯಕಿ ಎಲ್ವಿರಾ, ಮದುವೆ ದಿನ ಗಂಡು ಬಿಟ್ಟುಹೋದ ಅಂತ ತಿಳಿದು ಬುದ್ಧಿ ಕಳೆದುಕೊಳ್ಳುವ ಎಳೆಯ ಹುಡುಗಿ. ಆ ಕಾಲದಲ್ಲಿ ಅದನ್ನು ಹಗುರ ದನಿಯವರೇ ಹಾಡುತ್ತಿದ್ದರು. ಅಂದು ಹಾಡಬೇಕಿದ್ದವರು ಮಾರ್ಗೆರಿತಾ ಕರೋಸಿಯೊ. ಅವರಿಗೆ ಹುಷಾರು ತಪ್ಪಿತು. ಬದಲಿ ಯಾರೂ ಸಿಗಲಿಲ್ಲ.

ಹೋಟೆಲಿನಲ್ಲಿ ಮರಿಯಾ ಪಿಯಾನೊ ಮುಂದೆ ಕೂತು ದನಿ ಹದ ಮಾಡಿಕೊಳ್ಳುತ್ತಿದ್ದಳು. ಬ್ರುನ್‌ಹಿಲ್ಡೆಯ ಕೇಕೆ ಅಲ್ಲ. ‘ಪುರಿತಾನಿ’ಯ ಎಲ್ವಿರಾ ಬುದ್ಧಿ ತಪ್ಪಿ ಹಾಡುವ ಹಾಡು. ಆ ಆಪೆರಾದಲ್ಲಿ ಅವಳಿಗೆ ಬರುತ್ತಿದ್ದದ್ದು ಅದೊಂದೇ ಹಾಡು. ವಾರವೆಲ್ಲ ವಾಗ್ನರ್ ಹಾಡಿ ಬಿಗಿದ ಗಂಟಲಿಗೆ ಎಣ್ಣೆ ಹಚ್ಚಿದ ಹಾಗೆ ಅದನ್ನು ಹಾಡಿಕೊಳ್ಳುತ್ತಿದ್ದಳು. ಸೆರಫಿನ್ ಅವರ ಹೆಂಡತಿಗೆ ಅದು ಕೇಳಿಸಿತು. ಅವರೂ ಗಾಯಕಿ. ಇದನ್ನು ಇವರ ಮುಂದೆ ಹಾಡು ಅಂದರು. ಮಾರನೆಯ ಬೆಳಿಗ್ಗೆ ಮರಿಯಾಗೆ ಕೆಳಗೆ ಬರಲು ಕರೆ. ನಿದ್ದೆಗಣ್ಣು, ಮನೆಯಲ್ಲಿ ತೊಡುವ ನಿಲುವಂಗಿ. ಹಾಡು ಅಂದರು. ಹಾಡಿದಳು. ಇನ್ನು ಆರು ದಿನಕ್ಕೆ ನೀನೇ ಎಲ್ವಿರಾ ಅಂದರು ಸೆರಫಿನ್.

ಅವಳು ದಂಗಾದಳು. ನನಗೆ ಆ ಪಾತ್ರ ಬರಲ್ಲ, ಇನ್ನೂ ಮೂರು ಬ್ರುನ್‌ಹಿಲ್ಡೆ ಬಾಕಿ ಇದೆ, ನನ್ನ ದನಿ ಭಾರ ಅಂದಳು. ನಿನ್ನಿಂದ ಆಗುತ್ತೆ, ನಾನು ಹೊಣೆ ಅಂದರು ಅವರು. ಆ ಹಿರಿಯರಿಗೇ ಅಷ್ಟು ಧೈರ್ಯ ಇದ್ದರೆ, ಬೇಡ ಅನ್ನಲು ನಾನು ಯಾರು ಅಂತ ಒಪ್ಪಿಕೊಂಡೆ ಅನ್ನುವ ಅರ್ಥದಲ್ಲಿ ಅವಳು ಆಮೇಲೆ ಹೇಳುತ್ತಿದ್ದಳು.

ದಿನಗಳ ಲೆಕ್ಕ ನೋಡಿ. ಕೊನೆಯ ‘ವಾಲ್ಕ್ಯೂರೆ’ ಜನವರಿ 16. ‘ಪುರಿತಾನಿ’ಯ ಮೊದಲ ದಿನ ಜನವರಿ 19. ನಡುವೆ ಎರಡೇ ದಿನ. ಈಟಿ ಕೆಳಗಿಟ್ಟು, ರಣಕೇಕೆ ಮರೆತು, ದನಿಯನ್ನು ಎಳೆ ಹುಡುಗಿಯದಾಗಿ ಮಾಡಬೇಕು. ಮಾತು ಕೂಡ ಪೂರ್ತಿ ಬಾಯಿಗೆ ಬಂದಿರಲಿಲ್ಲ. ವೇದಿಕೆ ಮುಂದಿನ ಗೂಡಿನಲ್ಲಿ ಕೂತು ಸಾಲು ಎತ್ತಿಕೊಡುವ ಪ್ರಾಂಪ್ಟರ್ ಮೇಲೆ ಭಾರ ಹಾಕಿ ಹಾಡಿದಳು. ಮುದ್ದಾದ ಕನ್ಯೆ ಅನ್ನಬೇಕಾದಲ್ಲಿ ಒಂದು ಪದ ತಪ್ಪಿ, ಕೆಟ್ಟ ಚಾಳಿಯ ಕನ್ಯೆ ಅಂತ ಹಾಡಿಬಿಟ್ಟಳು ಅನ್ನುವ ಕಥೆ ಉಳಿದಿದೆ. ಪ್ರಾಂಪ್ಟರ್ ಮುಖವೂ ಅವಳಿಗೆ ಮಬ್ಬೇ ಅಲ್ವಾ? ಕಿವಿಗೆ ಬಿದ್ದಷ್ಟೇ.

ಆ ರಾತ್ರಿ ಮುಗಿದ ಮೇಲೆ ಇಟಲಿಯಲ್ಲೆಲ್ಲ ಅವಳದೇ ಮಾತು. ಒಂದೇ ವಾರದಲ್ಲಿ ಬ್ರುನ್‌ಹಿಲ್ಡೆ ಮತ್ತು ಎಲ್ವಿರಾ! ಬೇಲಿಯ ಎರಡೂ ಕಡೆ ಒಬ್ಬಳೇ! ಆರು ದಿನದಲ್ಲಿ ನಡೆದ ಪವಾಡ ಅಂತ ಇವತ್ತಿಗೂ ಬರೆಯುತ್ತಾರೆ. ನನಗೆ ಈ ಮಾತು ಕೇಳಿದಾಗೆಲ್ಲ ನೋವಾಗುತ್ತದೆ. ಆರು ದಿನದಲ್ಲಿ ಸಾಲು ಬಾಯಿಪಾಠ ಮಾಡಬಹುದು, ಅದೂ ಪೂರ್ತಿ ಆಗಲಿಲ್ಲ ಅಂತ ಈಗಷ್ಟೇ ನೋಡಿದಿರಿ. ಭಾರದ ದನಿಯನ್ನು ಓಡಿಸುವುದು ಆರು ದಿನದ ಕೆಲಸ ಅಲ್ಲ. ತ್ರಿವೆಲ್ಲಾ ಅದರ ಭಾರ ಇಳಿಸಲು ಕೂತ ದಿನದಿಂದ ಆ ರಾತ್ರಿಗೆ ಹತ್ತು ವರ್ಷ ದಾಟಿತ್ತು. ಆ ಟೀಚರ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಅಲ್ಲಿಂದ ಮುಂದೆ ಬೇಗ ಬೇಗ. ಅದೇ ವರ್ಷ ಏಪ್ರಿಲ್ 21ಕ್ಕೆ ಮೆನೆಗಿನಿ ಜೊತೆ ಮದುವೆ, ಅದರ ಬೆನ್ನಿಗೇ ಅರ್ಜೆಂಟೀನಾಕ್ಕೆ ಹಡಗು. 1950ರಲ್ಲಿ ಲಾ ಸ್ಕಾಲಾದಲ್ಲಿ ಹುಷಾರಿಲ್ಲದ ಇನ್ನೊಬ್ಬ ದೊಡ್ಡ ಗಾಯಕಿಗೆ ಬದಲಿಯಾಗಿ ಹಾಡಿದಳು. 1951ರ ಡಿಸೆಂಬರ್ 7ರಂದು ಅದೇ ಲಾ ಸ್ಕಾಲಾದ ಹೊಸ ಸೀಸನ್‌ನ ಆಪೆರಾಗಳನ್ನು ಶುರುಮಾಡಿದ್ದು ಅವಳೇ. ವಯಸ್ಸು 28. ಮೂಲೆಗೆ ಬಿದ್ದಿದ್ದ ಎಷ್ಟೋ ಹಳೆಯ ಆಪೆರಾಗಳು ಅವಳಿಂದ ಮತ್ತೆ ರಂಗಕ್ಕೆ ಬಂದವು. 1952ರಲ್ಲಿ ರೊಸ್ಸಿನಿಯ ‘ಅರ್ಮಿದಾ’ವನ್ನು ಫ್ಲಾರೆನ್ಸ್‌ನಲ್ಲಿ ಹಾಡಿದಳು. ಆಮೇಲೆ ಬಂದ ಜೋನ್ ಸದರ್ಲೆಂಡ್, ಮೊಂಟ್ಸೆರಾಟ್ ಕಬಾಯೆ ಅಂಥ ಗಾಯಕಿಯರಿಗೆ ಹಾಡಲು ಆ ಆಪೆರಾಗಳು ಕಾಯುತ್ತಿದ್ದವು.

ನಾನು ಇಲ್ಲಿಗೆ ಮಾತು ನಿಲ್ಲಿಸಿ ನಿಮಗೆ ಎರಡು ರೆಕಾರ್ಡು ಕೇಳಿಸುತ್ತೇನೆ. ಎರಡೂ 1949ರ ನವೆಂಬರ್‌ನಲ್ಲಿ ಟೂರಿನ್‌ನಲ್ಲಿ ಹಾಡಿದ್ದು. ಅವಳ ಮೊಟ್ಟಮೊದಲ ಗ್ರಾಮಫೋನ್ ಪ್ಲೇಟುಗಳು ಇವು. ಯಾವುದು ಯಾವುದು ಅಂತ ಮೊದಲೇ ಹೇಳುವುದಿಲ್ಲ.

(ಇಲ್ಲಿಗೆ ಭಾಷಣ ಮುಗಿಯಿತು. ಮೊದಲು ಇಸೋಲ್ಡೆಯ ಸಾವಿನ ಹಾಡು ಹಾಕಿದೆ. ಸತ್ತ ಪ್ರಿಯನ ಮುಂದೆ ನಿಂತು ಹಾಡುವುದು. ಹಳೆಯ ರೆಕಾರ್ಡಿನ ಗರಗರ ಸದ್ದಿನ ನಡುವೆ ದನಿ ಮೆಲ್ಲಗೆ ಎದ್ದು, ಅಲೆಯ ಮೇಲೆ ಅಲೆ ಬಂದ ಹಾಗೆ ಬೆಳೆಯಿತು. ಮಕ್ಕಳು ಅಲುಗಾಡಲಿಲ್ಲ. ಆಮೇಲೆ ‘ಪುರಿತಾನಿ’ ಹಾಕಿದೆ. ಮೊದಲು ನಿಧಾನದ ಭಾಗ. ಅದು ಮುಗಿದು ಕೊನೆಯ ಚುರುಕಿನ ಭಾಗ ಬಂದಾಗ ದನಿ ಮೇಲಿನಿಂದ ಒಂದೊಂದೇ ಸ್ವರ ಇಳಿಯುತ್ತಾ ಓಡಿತು, ಒಂದು ಸ್ವರವೂ ಒರೆಸಿ ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಆ 12 ವರ್ಷದ ಹುಡುಗಿ ಕೂತಿದ್ದಳು. ತಲೆ ಎತ್ತಿ ಕೇಳಿದಳು:

“ಮೇಡಂ, ಇವರು ಬೇರೆಯವರಾ?”

“ಅಲ್ಲ ಪುಟ್ಟಾ. ಅವರೇ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, “ಮೊದಲಿಂದ ಹಾಕಿ. ಎರಡೂ.”)